ವಾಲ್ವಿಗೆ ಸೇರದ ಪೈಪು

ಸ್ಪ್ಯಾನರಣ್ಣನ ಶೆಡ್ಡಿನ ತಗಡಿನ ಗೋಡೆ ನೋಡಿದರೆ ಸಾಕು, ಆಸಾಮಿ ಎಂಥವನೆಂದು ತಿಳಿಯುತ್ತಿತ್ತು. ಸಿಟ್ಟು ಬಂದಾಗಲೆಲ್ಲ ಕೈಯಲ್ಲಿದ್ದ ಸ್ಪ್ಯಾನರ್ ಬೀಸಿ ಒಗೆಯುವುದು ಅವನ ಚಾಳಿ. ತಗಡಿನ ತುಂಬ ತಗ್ಗು. ಸಿಟ್ಟೋ, ಸದಾ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಆದರೂ ಹಳೇ ಲಾರಿಗಳೆಲ್ಲ ಅವನ ಬಾಗಿಲಿಗೇ ಬರುತ್ತಿದ್ದವು. ಬೈಗುಳ ತಿಂದರೂ ಪರವಾಗಿಲ್ಲ, ಇವನು ಮುಟ್ಟಿದ ಗಾಡಿ ನಡುದಾರಿಯಲ್ಲಿ ಕೈಕೊಡಲ್ಲ ಎನ್ನುತ್ತಿದ್ದರು ಜನ.

ಇಡೀ ಭೂಮಿಯ ಮೇಲೆ ಅವನು ದನಿ ಏರಿಸದೆ ಮಾತಾಡುತ್ತಿದ್ದದ್ದು ತಂಗಿಯ ಹತ್ತಿರ ಮಾತ್ರ. ಅಪ್ಪ ಅಮ್ಮ ಹೋದಮೇಲೆ ಇದೇ ಶೆಡ್ಡಿನಲ್ಲಿ ಎತ್ತಿ ಆಡಿಸಿ ಬೆಳೆಸಿದ ಕೂಸು. ಅವಳನ್ನು ಒಬ್ಬ ಲಾರಿ ಡ್ರೈವರಿಗೆ ಕೊಟ್ಟಿದ್ದ. ಆ ಪುಣ್ಯಾತ್ಮ ಅವಳನ್ನು ಬಡಿಯುತ್ತಿದ್ದ. ಮೊದಮೊದಲು ಕೆನ್ನೆಗೆ, ಆಮೇಲೆ ಬೆಲ್ಟಿನಲ್ಲಿ. ಹೋದ ವಾರ ಅವಳ ಕೈಯನ್ನು ಬಾಗಿಲ ಸಂದಿಗಿಟ್ಟು ಬಾಗಿಲಿಗೆ ಒದ್ದು ಬೆರಳು ಮುರಿದಿದ್ದ. "ಜಾರಿ ಬಿದ್ದೆ ಅಣ್ಣ" ಎಂದಳು ಅವಳು. ಪಕ್ಕದ ಮನೆಯಾಕೆ ಬಂದು ನಿಜ ಹೇಳಿದಳು. ಆವತ್ತು ತಗಡಿಗೆ ಸ್ಪ್ಯಾನರ್ ಬೀಳಲಿಲ್ಲ.

ಮಾರನೇ ದಿನವೇ ಡ್ರೈವರ್ ಹಲ್ಲು ಕಿರಿಯುತ್ತ ಬಂದ. "ಭಾವ, ಈ ಎದುರಿನ ಬಂಕ್ ಬಿಟ್ರೆ ಗುಡ್ಡ ದಾಟೋತನಕ ಇನ್ನೊಂದಿಲ್ಲ. ಇನ್ನೊಂದು ಟ್ಯಾಂಕ್ ಕೂರಿಸಿಕೊಡು. ಸೀಟಿನ ಪಕ್ಕ ವಾಲ್ವ್ ಇರ್ಲಿ, ಯಾವ ಟ್ಯಾಂಕ್ ಬೇಕೋ ಅದಕ್ಕೆ ತಿರುಗಿಸಿಕೊಳ್ತೀನಿ."

ಸ್ಪ್ಯಾನರಣ್ಣ ಕೆಲಸಕ್ಕೆ ಇಳಿದ. ಹೊಸ ಟ್ಯಾಂಕಿನ ಅಡಿಗೆ ರಬ್ಬರ್ ಹಾಸಿ ಪಟ್ಟಿ ಬಿಗಿದ, ವಾಲ್ವ್ ಕೂರಿಸಿದ. ಒಂದು ಪೈಪನ್ನು ಮಾತ್ರ ವಾಲ್ವಿಗೆ ಸೇರಿಸದೆ ಹಳೇ ಟ್ಯಾಂಕಿಗೇ ಬಿಟ್ಟ. ಇಂಜಿನ್ ಎಳೆದುಕೊಂಡ ಡೀಸೆಲ್ಲನ್ನೆಲ್ಲ ಸುಡುವುದಿಲ್ಲ, ಮಿಕ್ಕಿದ್ದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸಾಗುತ್ತದೆ. ಎರಡು ಟ್ಯಾಂಕಿದ್ದರೆ ಆ ಪೈಪೂ ವಾಲ್ವಿನ ಮೂಲಕವೇ ಹೋಗಬೇಕು. ಇಲ್ಲವೆಂದರೆ ಹೊಸದರಿಂದ ಎಳೆದದ್ದು ಹಳೆಯದಕ್ಕೆ ಬಂದು ಬಿದ್ದು, ಅದು ತುಂಬಿದ್ದರೆ ಉಕ್ಕುತ್ತದೆ. ಈ ಲಾರಿಯಲ್ಲಿ ಹಳೇ ಟ್ಯಾಂಕಿಗೆ ಅಂಟಿಕೊಂಡೇ ಸೈಲೆನ್ಸರ್, ಗುಡ್ಡ ಹತ್ತುವಾಗ ಕೆಂಡವಾಗುತ್ತಿತ್ತು. ಉಕ್ಕಿದ ಡೀಸೆಲ್ ಅದರ ಮೇಲೆ ಬಿದ್ದರೆ ಬೆಂಕಿಯೇ. ರಿಟರ್ನ್ ಪೈಪನ್ನು ವಾಲ್ವಿಗೆ ಸೇರಿಸುವುದು ಹೊಸಬರು ಮರೆಯುವ ಕೆಲಸ. ಇವನು ಬೇಕೆಂದೇ ಬಿಟ್ಟ.

"ಎರಡೂ ಫುಲ್ ಮಾಡಿಸ್ಕೊ ಭಾವ, ಹೊಸದರಲ್ಲೇ ಓಡಿಸು," ಎಂದ, ಬೆಣ್ಣೆಯಂಥ ದನಿಯಲ್ಲಿ.

"ಅಬ್ಬಬ್ಬಾ! ಇವತ್ತು ಬೈಗುಳವೇ ಇಲ್ವಲ್ಲ!" ಡ್ರೈವರ್ ನಕ್ಕ.

ಎದುರಿನ ಬಂಕಿನಲ್ಲಿ ಎರಡೂ ಟ್ಯಾಂಕ್ ತುಂಬಿಸಿಕೊಂಡು ಲಾರಿ ಗುಡ್ಡದ ಕಡೆ ಹೊರಟಿತು. ಸ್ಪ್ಯಾನರಣ್ಣನ ಎದೆ ತಣ್ಣಗಾಯಿತು, ಸುಳ್ಳೇಕೆ ಹೇಳಬೇಕು? ಆದರೆ ತಿರುವಿನಲ್ಲಿ ಲಾರಿ ನಿಂತಿತು. ಬ್ಯಾಂಡೇಜಿನ ಕೈಯಲ್ಲಿ ಚೀಲ ಅವುಚಿಕೊಂಡು ಅಲ್ಲಿ ಕಾಯುತ್ತಿದ್ದ ತಂಗಿ ಕ್ಯಾಬಿನ್ ಹತ್ತಿದಳು.

"ಅಯ್ಯೋ, ಇಳಿಯೇ! ಇಳಿಯೇ!" ಕೂಗು ಮುಟ್ಟುವಷ್ಟರಲ್ಲಿ ಲಾರಿ ಮರೆಯಾಗಿತ್ತು. ಬಂಕಿನಲ್ಲಿ ನಿಂತಿದ್ದ ಯಾರದೋ ಸ್ಕೂಟರ್ ಕಿತ್ತುಕೊಂಡು, ಅಡ್ಡ ಬಂದವನನ್ನು ನೆಲಕ್ಕೆ ಕೆಡವಿ ಹೊರಟ. ಅರ್ಧ ಗುಡ್ಡದಲ್ಲಿ ಲಾರಿ ತೆವಳುತ್ತಿತ್ತು. ಉದ್ದಕ್ಕೂ ರಸ್ತೆ ಒದ್ದೆ, ಬದಿಯಲ್ಲಿ ಬಿಳಿ ಹೊಗೆ. ಮುಂದೆ ಹೋಗಿ ಸ್ಕೂಟರನ್ನು ಅಡ್ಡ ಬಿಸಾಕಿದ. ಲಾರಿ ಅದನ್ನು ಅಪ್ಪಚ್ಚಿ ಮಾಡಿ ನಿಂತಿತು.

"ತಲೆ ಕೆಟ್ಟಿದೆಯೇನೋ ನಿಂಗೆ!" ಡ್ರೈವರ್ ಜಾಕಿನ ರಾಡು ಹಿಡಿದೇ ಧುಮುಕಿದ. ಮೊದಲ ಏಟಿಗೆ ಸ್ಪ್ಯಾನರಣ್ಣನ ದವಡೆ ಒಡೆಯಿತು. ಅವನು ಬಗ್ಗಿದವನೇ ಡ್ರೈವರನ ಮೊಣಕಾಲಿಗೆ ಸ್ಪ್ಯಾನರ್ ಬೀಸಿದ. ಲಟಕ್ಕೆಂದಿತು. ಬಿದ್ದವನ ಮೇಲೆ ಇನ್ನೊಂದು ಏಟು ಎತ್ತಿದಾಗ ಲಾರಿಯ ಬದಿಯಲ್ಲಿ ಭಗ್ಗೆಂದು ಉರಿ ಎದ್ದಿತು.

ಅವನು ಎಲ್ಲ ಬಿಟ್ಟು ಓಡಿದ. ತಂಗಿಯನ್ನು ಹೊರಗೆಳೆದು ನೂಕಿದ, ಇಂಜಿನ್ ಆರಿಸಿದ, ಬರಿಗೈಯಲ್ಲಿ ಮಣ್ಣು ಬಾಚಿ ಬಾಚಿ ಸುರಿದ. ಉರಿ ಆರುವಷ್ಟರಲ್ಲಿ ಅಂಗೈ ಚರ್ಮ ಸುಲಿದು ನೇತಾಡುತ್ತಿತ್ತು.

ಸ್ಪ್ಯಾನರ್ ಎತ್ತಿಕೊಡುತ್ತಲೇ ಬೆಳೆದವಳು ತಂಗಿ. ಬಗ್ಗಿ ಟ್ಯಾಂಕಿನ ಅಡಿ ನೋಡಿದಳು. ಬಹಳ ಹೊತ್ತು ನೋಡಿದಳು.

"ರಿಟರ್ನ್ ಪೈಪ್ ಮರೆತ್ಯಾ ಅಣ್ಣ?"

ಹೂಂ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವಳ ಎದುರು ಸುಳ್ಳು ಹೇಳಲಾಗದೆ ಇಲ್ಲವೆಂದು ತಲೆ ಆಡಿಸಿದ.

"ಆಸ್ಪತ್ರೆ ನೆಪ ಹೇಳಿ ಹತ್ತಿದ್ದೆ. ಗುಡ್ಡದ ಆಚೆ ಇಳಿದು, ಎಲ್ಲಾದರೂ ತಪ್ಪಿಸಿಕೊಂಡು ಹೋಗೋಣ ಅಂತ," ಎಂದಳು. ಚೀಲದ ತುಂಬ ಅವಳ ಬಟ್ಟೆಗಳಿದ್ದವು.

"ನಮ್ಮನೆಗೆ ಬರೋದಲ್ವೇನೇ, ಹುಚ್ಚೀ?" ರಕ್ತ ಉಗುಳುತ್ತ ಕೇಳಿದ.

"ಬಂದಿದ್ರೆ ನೀನು ಅವನನ್ನ ಕೊಂದುಬಿಡ್ತಿದ್ದೆ. ಅದಕ್ಕೇ ಇಷ್ಟು ದಿನ ಜಾರಿ ಬಿದ್ದೆ, ಜಾರಿ ಬಿದ್ದೆ ಅಂತಿದ್ದೆ."

ಕೆಳಗಿನಿಂದ ಬಸ್ಸೊಂದು ಏದುಸಿರು ಬಿಡುತ್ತ ಬಂತು. ಅವಳು ಬ್ಯಾಂಡೇಜಿನ ಕೈಯನ್ನೇ ಅಡ್ಡ ಹಿಡಿದಳು. ನರಳುತ್ತ ಬಿದ್ದಿದ್ದ ಗಂಡನ ಕಡೆ ತಿರುಗಲಿಲ್ಲ. ಮೆಟ್ಟಿಲ ಮೇಲೆ ನಿಂತು ಅಣ್ಣನಿಗೆ ಒಂದೇ ಮಾತು ಹೇಳಿದಳು.

"ಆ ಪೈಪ್ ಸೇರಿಸಿಬಿಡು. ಇನ್ಯಾರಾದರೂ ಹತ್ತಿಯಾರು."

ಬಸ್ಸು ಹೋಯಿತು. ಸ್ಪ್ಯಾನರಣ್ಣ ಅಂಗಾತ ಮಲಗಿ ಲಾರಿಯ ಅಡಿಗೆ ತೂರಿದ. ಸುಟ್ಟ ಬೆರಳಲ್ಲಿ ಸ್ಪ್ಯಾನರ್ ನಿಲ್ಲುತ್ತಿರಲಿಲ್ಲ. ಬೀಳುತ್ತಿತ್ತು, ಎತ್ತಿಕೊಳ್ಳುತ್ತಿದ್ದ, ಮತ್ತೆ ಬೀಳುತ್ತಿತ್ತು.