ಟ್ರಾಲಿಗೆ ಪೂಜೆ ಆಗಿತ್ತು, ಗ್ರೀಸ್ ಆಗಿರಲಿಲ್ಲ

ಹೋದ ಭಾನುವಾರ ನಾನು ಯಾವ ತೊಂದರೆಯೂ ಇಲ್ಲದ ಒಂದು ಕಾರ್ಬ್ಯುರೇಟರನ್ನು ಬಿಚ್ಚಿ, ಕ್ಲೀನ್ ಮಾಡಿ, ಮತ್ತೆ ಜೋಡಿಸಿದೆ. ನಾಲ್ಕು ಗಂಟೆ ಹಿಡಿಯಿತು. ಕೊನೆಗೆ ಒಂದು ಸ್ಕ್ರೂ ಉಳಿಯಿತು. (ಅದು ಎಲ್ಲಿಯದು ಎಂದು ದಯವಿಟ್ಟು ಕೇಳಬೇಡಿ.)

ಕಾರ್ಬ್ಯುರೇಟರ್ ನನ್ನದಲ್ಲ, ಗೆಳೆಯ ಮುನಿರಾಜುವಿನ ಕ್ವಾಡ್ ಬೈಕಿನದು. ಕೆ.ಆರ್. ಪುರದ ಆಚೆ ಅವನ ಅಜ್ಜ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಉಳಿದಿರುವುದು ಒಂದೂವರೆ ಎಕರೆ. ಅದರಲ್ಲಿ ನರ್ಸರಿ ಮಾಡಿದ್ದಾನೆ. ನಾಲ್ಕು ದಪ್ಪ ಚಕ್ರದ ಆ ಬೈಕನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದು, ಹಿಂದಕ್ಕೆ ಒಂದು ಪುಟ್ಟ ಟ್ರಾಲಿ ಕಟ್ಟಿದ್ದಾನೆ. ಕುಂಡ, ಗೊಬ್ಬರ, ಕೆಮ್ಮಣ್ಣು ಎಲ್ಲ ಅದರಲ್ಲೇ ಓಡಾಡುತ್ತವೆ.

ಓಡಿಸುವುದು ಮಹಾದೇವಿ. ಯಾದಗಿರಿ ಕಡೆಯವರು, ಪಕ್ಕದ ಬೀದಿಯ ಬಾಡಿಗೆ ರೂಮಿನಲ್ಲಿದ್ದಾರೆ. ಮೊದಲೆರಡು ವರ್ಷ ಕುಂಡಗಳನ್ನು ತಲೆ ಮೇಲೆ ಹೊತ್ತವರು. ಆಮೇಲೆ ಒಂದು ದಿನ ಯಾರನ್ನೂ ಕೇಳದೆ ಕ್ವಾಡ್ ಹತ್ತಿ, ಎರಡು ದಾಸವಾಳ ಉರುಳಿಸಿ, ಡ್ರೈವಿಂಗ್ ಕಲಿತರು. ಈಗ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ರಿವರ್ಸ್‌ನಲ್ಲಿ ಟ್ರಾಲಿ ತಿರುಗಿಸುವುದನ್ನು ನೋಡಬೇಕು. ನನ್ನ ಕಾರನ್ನು ನಾನು ಯಾವತ್ತೂ ಅಷ್ಟು ನೀಟಾಗಿ ಪಾರ್ಕ್ ಮಾಡಿದ್ದಿಲ್ಲ.

ಆ ಭಾನುವಾರ ಕರಿಬೇವಿನ ಗಿಡ ತರಲು ಹೋದ ನನಗೆ ಸುದ್ದಿ ಸಿಕ್ಕಿತು. ಒಂದು ತಿಂಗಳಿಂದ ಗಾಡಿಗೆ ಪುಲ್ಲಿಂಗ್ ಇಲ್ಲವಂತೆ, ಲೋಡ್ ಎಳೆಯುತ್ತಿಲ್ಲವಂತೆ.

"ಇಂಜಿನ್ ಹೋಗೈತೆ ಗುರು," ಅಂದ ಮುನಿರಾಜು. "ನಾಳೆ ಗುಜರಿಯವ್ನು ಬರ್ತಾನೆ. ಟ್ರಾಲಿ ಸಮೇತ ಕೊಟ್ಬಿಡ್ತೀನಿ."

"ಆಮೇಲೆ ಕುಂಡ?"

"ಮೊದ್ಲಿನ ಥರ ತಲೆ ಮೇಲೆ ಹೊತ್ಕೊಂಡೋಗ್ತಾರೆ."

ಅಲ್ಲೇ ಮಣ್ಣು ತುಂಬುತ್ತಿದ್ದ ಮಹಾದೇವಿಯ ಕೈ ನಿಂತಿತು. ನನಗೆ ಸಂಕಟವಾಯಿತು. ಆ ಸಂಕಟದಲ್ಲಿ "ನಾನು ರಿಪೇರಿ ಮಾಡ್ತೀನಿ ಬಿಡೋ" ಅಂದುಬಿಟ್ಟೆ. ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿದವನ ಧೈರ್ಯ ಅದು!

ಕಾರ್ಬ್ಯುರೇಟರ್ ಆಯಿತು. ಏರ್ ಫಿಲ್ಟರ್ ತೊಳೆದೂ ಆಯಿತು. ಟ್ರಾಲಿ ಕಟ್ಟಿ ಎಳೆಸಿದರೆ ಅದೇ ಗೋಳು. ಆಗ ಮಹಾದೇವಿ ಹತ್ತಿರ ಬಂದರು.

"ಸರ, ಒಂದ್ ಮಾತು ಹೇಳ್ಲೇನ್ರಿ? ಖಾಲಿ ಗಾಡಿ ಚೊಲೋ ಓಡ್ತದ್ರಿ. ಟ್ರಾಲಿ ಹಚ್ಚಿದ್ರಷ್ಟೇ ಜಗ್ಗಂಗಿಲ್ಲ. ಎಡಗಡಿ ಗಾಲಿ ಬಿಸಿ ಆಗ್ತದ."

"ಮೊದಲೇ ಯಾಕ್ರೀ ಹೇಳ್ಲಿಲ್ಲ?"

"ನೀವು ಕೇಳ್ಲೇ ಇಲ್ಲಲ್ರಿ."

ನಾಲ್ಕು ಗಂಟೆಯ ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟು ಜಾಕ್ ಹುಡುಕಿದ. ಟ್ರಾಲಿಗೆ ಜಾಕ್ ಕೊಟ್ಟು ಎಡಗಡೆಯ ಚಕ್ರ ತಿರುಗಿಸಿದೆವು. ಗರಗರ ಸದ್ದು. ಇಂಜಿನ್ ಪಾಪ ಚೆನ್ನಾಗಿಯೇ ಇತ್ತು, ಹಿಡಿದುಕೊಂಡ ಚಕ್ರವನ್ನು ಎಳೆದೂ ಎಳೆದೂ ಸುಸ್ತಾಗಿತ್ತು. ಗ್ರೀಸ್ ಹಾಕೋಣವೆಂದರೆ, ಅದು ಒಳಹೋಗುವ ಬಾಯಿ, ಆ ನಿಪ್ಪಲ್ಲೇ ಕಾಣದು!

ವಿಷಯ ಏನೆಂದರೆ, ಆಯುಧ ಪೂಜೆಗೆ ಮುನಿರಾಜು ಪ್ರತಿ ವರ್ಷ ಟ್ರಾಲಿಗೆ ಹೊಸ ಬಣ್ಣ ಹೊಡೆಯುತ್ತಾನೆ. ಅಜ್ಜನ ಎತ್ತಿನಗಾಡಿಗೂ ಹಾಗೇ ಹೊಡೆಯುತ್ತಿದ್ದರಂತೆ. ಬಣ್ಣದ ಮೇಲೆ ಕುಂಕುಮ, ಚಕ್ರದಡಿ ನಿಂಬೆಹಣ್ಣು, ಯಾವುದಕ್ಕೂ ಲೋಪವಿಲ್ಲ. ಮಹಾದೇವಿ ಕಸಿ ಕಟ್ಟುವ ಚಾಕು ತಂದು ಚಕ್ರದ ನಡುವೆ ಕೆರೆದರು. ನೀಲಿ ಹೋಯಿತು, ಸಿಲ್ವರ್ ಬಂತು. ಅದರಡಿ ಹಸಿರು. ಹಸಿರಿನಡಿ ಬಾಯಿ ಮುಚ್ಚಿಕೊಂಡ ಪುಟ್ಟ ನಿಪ್ಪಲ್. ಇಷ್ಟು ವರ್ಷ ಅದಕ್ಕೆ ಪೂಜೆ ಸಿಕ್ಕಿತ್ತು, ಗ್ರೀಸ್ ಸಿಕ್ಕಿರಲಿಲ್ಲ.

ಮುನಿರಾಜುವನ್ನು ನೋಡಿ ನಗಲು ನನಗೆ ಯಾವ ಹಕ್ಕೂ ಇಲ್ಲ. ನಮ್ಮ ಮನೆಯ ಕಾರಿಗೂ ವರ್ಷಕ್ಕೊಮ್ಮೆ ಮೊಳಗಟ್ಟಲೆ ಚೆಂಡುಹೂವಿನ ಹಾರ. ಟಯರಿನಲ್ಲಿ ಗಾಳಿ ಎಷ್ಟಿದೆ? ಆ ದೇವರಿಗೇ ಗೊತ್ತು. ಕೈ ಮುಗಿಯುವುದು ಸುಲಭ. ಬಗ್ಗಿ ನೋಡುವುದಕ್ಕೆ ಸೊಂಟ ನೋಯುತ್ತದೆ.

ಚಕ್ರ ಬಿಚ್ಚಿ ನೋಡಿದರೆ ಒಳಗಿನ ಬೇರಿಂಗ್ ಪೂರ್ತಿ ಸವೆದುಹೋಗಿತ್ತು. ಹಳೆಯದನ್ನು ಪೇಪರಿನಲ್ಲಿ ಸುತ್ತಿಕೊಂಡು ಮುನಿರಾಜು ಶಿವಾಜಿನಗರಕ್ಕೆ ಓಡಿದ. ಅದರ ಮೇಲಿನ ನಂಬರ್ ತೋರಿಸಿದ್ದೇ, ಅಂಗಡಿಯವರು ಎರಡು ನಿಮಿಷದಲ್ಲಿ ಅಂಥದ್ದೇ ಹೊಸದು ತೆಗೆದುಕೊಟ್ಟರಂತೆ. ಕ್ವಾಡ್‌ಗೆ ಪಾರ್ಟ್ಸ್ ಸಿಗುವುದಿಲ್ಲವೆಂದು ಒಂದು ತಿಂಗಳು ಗೊಣಗಿದವನು, ಟ್ರಾಲಿಗೆ ಏನು ಬೇಕೆಂದು ಯಾರನ್ನೂ ವಿಚಾರಿಸಿರಲಿಲ್ಲ.

ಹೊಸ ಬೇರಿಂಗನ್ನು ಮರದ ತುಂಡಿಟ್ಟು ಹದವಾಗಿ ಬಡಿದು ಕೂರಿಸಿದವರು ಮಹಾದೇವಿ. ಗ್ರೀಸ್ ಗನ್ ಒತ್ತಿದವರೂ ಅವರೇ. ನನ್ನ ಪಾತ್ರ ಟಾರ್ಚ್ ಹಿಡಿಯುವುದು. ಆಮೇಲೆ ಒಂದು ಬೆರಳಿನಿಂದ ಚಕ್ರ ತಳ್ಳಿದರು. ಅದು ಸದ್ದಿಲ್ಲದೆ ಸುತ್ತುತ್ತಲೇ ಇತ್ತು. ಅವರು ಬಾಯ್ತುಂಬಾ ನಕ್ಕರು. ನನಗೂ ಎಷ್ಟು ಖುಷಿಯಾಯಿತು ಅಂದರೆ, ಉಳಿದ ಸ್ಕ್ರೂ ಜೇಬಿನಲ್ಲಿರುವುದೇ ಮರೆತುಹೋಯಿತು.

ಟ್ರಾಲಿ ತುಂಬ ಕುಂಡ ಹೇರಿಕೊಂಡು ಮಹಾದೇವಿ ಗೇಟಿನವರೆಗೆ ಹೋಗಿ ಬಂದರು. ಮುನಿರಾಜು ಗುಜರಿಯವನಿಗೆ ಫೋನ್ ಮಾಡಿ "ಬರ್ಬೇಡಪ್ಪ" ಅಂದ. ಫೋನ್ ಜೇಬಿಗೆ ಹಾಕಿಕೊಂಡು ಕೇಳಿದ, "ಮಾದೇವಮ್ಮ, ಗಾಡೀಲಿ ಇನ್ನೇನಾದ್ರೂ ತೊಂದ್ರೆ ಐತಾ?"

"ಬರ್ಕೋರಿ ಅಣ್ಣಾರ," ಎಂದು ಅವರು ಬೆರಳು ಮಡಚತೊಡಗಿದರು. ಚೈನ್ ಸಡಿಲ, ಹಿಂದಿನ ಬ್ರೇಕ್ ಹಿಡಿಯುವುದಿಲ್ಲ, ಟ್ರಾಲಿ ಕಟ್ಟುವ ಕೊಕ್ಕೆಯ ಪಿನ್ ಸವೆದಿದೆ... ಎರಡನೇ ಕೈಯ ಬೆರಳುಗಳೂ ಬೇಕಾದವು. ಎಲ್ಲ ತಿಂಗಳುಗಟ್ಟಲೆ ಅವರ ತಲೆಯಲ್ಲೇ ಇತ್ತು.

ನಿಮ್ಮ ಮನೆಯಲ್ಲಿ, ನಿಮ್ಮ ಆಫೀಸಿನಲ್ಲಿ ಇಂಥ ಲಿಸ್ಟ್ ಯಾರ ತಲೆಯಲ್ಲಿದೆ, ಕೇಳಿದ್ದೀರಾ?