ಕುಡಿಯುವುದಕ್ಕೊಂದು ಕರ್ಮಪದ

ನನ್ನ ನಾದಿನಿಗೆ ಬಂದ ಮೊದಲ ಸಂಬಂಧ ಮುರಿದದ್ದು ನನ್ನಿಂದ ಎಂದು ಹೇಳುವವರು ನಮ್ಮ ಬಂಧುಬಳಗದಲ್ಲಿ ಇವತ್ತಿಗೂ ಇದ್ದಾರೆ. ಹೇಳಲಿ. ಮುರಿದದ್ದು ನಿಜ, ನನ್ನಿಂದ ಎನ್ನುವುದೂ ನಿಜ. ಎರಡನೆಯದು ಕೂಡಿಬಂದದ್ದು ಹೇಗೆ ಎಂಬುದನ್ನು ಮಾತ್ರ ಅವರಲ್ಲಿ ಒಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ. ಹಾಗಾಗಿ ನಾನೇ ಹೇಳಬೇಕಾಗಿದೆ.

ಎಂಬತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ಬಸವೇಶ್ವರನಗರದಲ್ಲಿ. ನಾನು ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ನನ್ನ ಗಂಡ ಕಾರ್ಖಾನೆಯಲ್ಲಿ ಸೂಪರ್‌ವೈಸರು. ಊಟವೆಂದರೆ ಅವರಿಗೆ ಹೊಟ್ಟೆ ತುಂಬಿಸುವ ಕೆಲಸ, ಎದುರಿಗೆ ಏನಿಟ್ಟರೂ ಅದೇ ಮುಖ. ಅತ್ತೆ ದಾವಣಗೆರೆ ಕಡೆಯವರು, ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದವರು. ನಾದಿನಿ ಬಿ.ಕಾಂ. ಮುಗಿಸಿ ಟೈಪಿಂಗ್ ಕಲಿಯುತ್ತಿದ್ದಳು. ಗಂಡನ ಅಣ್ಣ ಅದೇ ಬೀದಿಯ ಕೊನೆಯಲ್ಲಿ ಬೇರೆ ಮನೆ ಮಾಡಿಕೊಂಡಿದ್ದರು. ಅವರನ್ನು ನಾನು ಭಾವ ಎನ್ನುತ್ತಿದ್ದೆ.

ನಾನು ಮೊದಲು ವೈನ್ ರುಚಿ ನೋಡಿದ್ದು ನಮ್ಮ ಶಾಲೆಯ ಇಂಗ್ಲಿಷ್ ಟೀಚರ ಮನೆಯಲ್ಲಿ. ಅವರು ಕ್ರಿಶ್ಚಿಯನ್ನರು, ಒಂಟಿ ಹೆಂಗಸು. ಪ್ರತಿ ವರ್ಷ ಕ್ರಿಸ್‌ಮಸ್ಸಿಗೆ ಮುಂಚೆ ನಮ್ಮೂರಿನ ಕಪ್ಪು ದ್ರಾಕ್ಷಿ ತಂದು, ಉಪ್ಪಿನಕಾಯಿ ಜಾಡಿಯಂಥ ಜಾಡಿಯಲ್ಲಿ ಸಕ್ಕರೆ, ಲವಂಗ ಹಾಕಿ ಬಾಯಿ ಕಟ್ಟಿಡುತ್ತಿದ್ದರು. ಕೇಕು ತಿನ್ನಲು ಹೋದವಳಿಗೆ ಒಂದು ಪುಟ್ಟ ಗ್ಲಾಸು ಕೊಟ್ಟರು. ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅದರ ವಾಸನೆ ಬಂತು. ನೇರಳೆಹಣ್ಣು ತಿಂದ ಬಾಯಿಯ ವಾಸನೆ, ಹಿಂದೆಯೇ ಲವಂಗ. ನಾಲಿಗೆಗೆ ಇಟ್ಟರೆ ಮೊದಲು ಸಿಹಿ, ಆಮೇಲೆ ಹುಳಿ, ಕೊನೆಗೆ ಕೆನ್ನೆಯ ಒಳಗೋಡೆ ಹಿಡಿಯುವ ಒಗರು.

ಆ ಒಗರು ನನ್ನನ್ನು ಹಿಡಿದುಕೊಂಡಿತು. ಮನೆಯಲ್ಲಿ ನನ್ನ ನಾಲಿಗೆಗೆ ಒಂದೇ ಕೆಲಸವಿತ್ತು: ಸಾರಿಗೆ ಉಪ್ಪು ಸರಿಯಾಗಿದೆಯೋ ಇಲ್ಲವೋ ಹೇಳುವುದು. ಬೇರೆಯವರಿಗಾಗಿ ರುಚಿ ನೋಡಿದ ನಾಲಿಗೆ ಅವತ್ತು ಮೊದಲ ಸಲ ತನಗಾಗಿ ರುಚಿ ನೋಡಿತು. ನನಗೆ ಖುಷಿಯಾಯಿತು, ಬಹಳ ಖುಷಿಯಾಯಿತು. ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆಯೆಂದು ಅವತ್ತೂ ತಿಳಿಯಲಿಲ್ಲ, ಇವತ್ತೂ ತಿಳಿದಿಲ್ಲ.

ಆಮೇಲೆ ನಾವಿಬ್ಬರೂ ಪ್ರತಿ ತಿಂಗಳ ಎರಡನೇ ಶನಿವಾರ ಹೊರಗೆ ಊಟಕ್ಕೆ ಹೋಗುವುದು ರೂಢಿಯಾಯಿತು. ಕಂಟೋನ್ಮೆಂಟ್ ಕಡೆಯ ಚೀನೀ ಹೋಟೆಲು, ಮೆಜೆಸ್ಟಿಕ್ಕಿನ ಉತ್ತರ ಭಾರತದ ಊಟದ ಹೋಟೆಲು, ಎಲ್ಲಿ ಏನು ಹೊಸದಾಗಿ ಬಂದಿದೆಯೆಂದು ಕಿವಿಗೆ ಬಿದ್ದರೆ ಅಲ್ಲಿ. ನಾನು ಸಸ್ಯಾಹಾರಿ, ಅವರು ಅಲ್ಲ; ತಟ್ಟೆ ಬೇರೆ, ಹರಟೆ ಒಂದೇ. ಜೊತೆಗೆ ಒಂದೊಂದು ಗ್ಲಾಸು ವೈನ್. ಆಗ ಸಿಗುತ್ತಿದ್ದದ್ದು ಬಹುಮಟ್ಟಿಗೆ ಕೆಮ್ಮಿನ ಔಷಧಿಯಷ್ಟು ಸಿಹಿಯಾದ ಕೆಂಪು ವೈನು, ಅದನ್ನೂ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟುವಂತೆ ಇಟ್ಟಿರುತ್ತಿದ್ದರು. ಗ್ಲಾಸನ್ನು ಅಂಗೈಯಲ್ಲಿ ಹಿಡಿದು, ತಣುಪು ಇಳಿಯುವವರೆಗೆ ಕಾದು, ತಿರುಗಿಸಿ ಮೂಸಿ ನೋಡಬೇಕೆಂದು ಇಂಗ್ಲಿಷ್ ಟೀಚರು ಯಾವುದೋ ಪತ್ರಿಕೆಯಲ್ಲಿ ಓದಿದ್ದರು. ನಾನು ಹಾಗೆ ತಿರುಗಿಸುತ್ತಾ ಮೂಸುವುದನ್ನು ಕಂಡು ಒಮ್ಮೆ ವೇಟರ್ ಗಾಬರಿಯಾಗಿ ಓಡಿಬಂದ. "ಏನಾದ್ರೂ ಬಿದ್ದಿದ್ಯಾ ಮೇಡಂ?" ಎಂದು ಗ್ಲಾಸನ್ನೇ ಎತ್ತಿಕೊಂಡು ಹೋಗಿ ಬೇರೆ ತಂದಿಟ್ಟ.

ವೈನಿನ ರುಚಿ ಹೇಳಲು ಇಂಗ್ಲಿಷ್ ಟೀಚರು ಪತ್ರಿಕೆಯ ಮಾತುಗಳನ್ನು ಹುಡುಕುತ್ತಿದ್ದರು. ನಾವು ಕಾಣದ ಹಣ್ಣು, ನಾವು ಮೂಸದ ಹೂವು. ನನಗೆ ಅವು ಬೇಕಿರಲಿಲ್ಲ. ಒಗರು, ಕಂಪು, ಸೊಗಡು ಎಂದು ನಮ್ಮಲ್ಲೇ ಬೇಕಾದಷ್ಟಿತ್ತು. ಒಂದು ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರು ಮಾಡಿ ಅವರ ಮನೆಗೆ ಒಯ್ದು, ಅವರ ಜಾಡಿಯ ವೈನಿನ ಜೊತೆ ಉಂಡೆವು. ಅವರೆಯ ಸೊಗಡನ್ನು ಆ ಒಗರು ಹೇಗೆ ಎತ್ತಿ ಹಿಡಿಯಿತೆಂದರೆ, ಪಾತ್ರೆ ಬರಿದಾಗುವವರೆಗೆ ಇಬ್ಬರೂ ಏಳಲಿಲ್ಲ. ಈ ಜೋಡಿ ಯಾವ ಪತ್ರಿಕೆಯಲ್ಲೂ ಇಲ್ಲ. ನನ್ನ ಮಾತನ್ನು ನಂಬದವರು ಮಾಡಿ ನೋಡಲಿ.

ಮನೆಯಲ್ಲಿ ಗಂಡನಿಗೆ ಎಲ್ಲ ಗೊತ್ತಿತ್ತು. ಒಮ್ಮೆ ಅವರನ್ನೂ ಕರೆದೊಯ್ದಿದ್ದೆ. ಒಂದು ಗುಟುಕು ಕುಡಿದು, "ಹುಳಿ ನೀರು ಕಣೇ," ಎಂದು ಮೊಸರನ್ನ ತರಿಸಿಕೊಂಡರು. ಅತ್ತೆಗೆ ಹೊರಗೆ ಊಟಕ್ಕೆ ಹೋಗುತ್ತೇನೆಂದಷ್ಟೇ ಗೊತ್ತಿತ್ತು. ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ.

ಸುದ್ದಿಯಾದದ್ದು ನಮ್ಮ ರಾಜಾಜಿನಗರದಲ್ಲೇ. ಅಲ್ಲೊಂದು ಹೊಸ ಬಾರ್ ಅಂಡ್ ರೆಸ್ಟೋರೆಂಟ್ ತೆರೆದಿತ್ತು, ಪನೀರ್ ಚೆನ್ನಾಗಿರುತ್ತದೆಂದು ನಮ್ಮ ಶಾಲೆಯ ಮಕ್ಕಳ ತಾಯಂದಿರೇ ಹೇಳಿದ್ದರು. ಅವತ್ತು ಇಂಗ್ಲಿಷ್ ಟೀಚರಿಗೆ ಜ್ವರ. ನಾನೊಬ್ಬಳೇ ಹೋದೆ. ಬಾಗಿಲಲ್ಲೇ ಮ್ಯಾನೇಜರು ತಡೆದರು.

"ಫ್ಯಾಮಿಲಿ ಮೇಲ್ಗಡೆ ಮೇಡಂ."

"ನಾನೊಬ್ಳೇ ಬಂದಿದೀನಿ. ಒಬ್ಬಳು ಫ್ಯಾಮಿಲಿ ಹೇಗಾಗ್ತಾಳೆ?"

"ಲೇಡೀಸ್ ಅಂದ್ರೆ ಫ್ಯಾಮಿಲಿನೇ ಮೇಡಂ."

ಮೇಲೆ ಹೋಗಿ ನೋಡಿದೆ. ಹಲಗೆ ಹೊಡೆದು ಮಾಡಿದ ಗೂಡುಗಳು, ಗೂಡಿಗೊಂದು ಕೊಳೆ ಪರದೆ, ಗಾಳಿಯಿಲ್ಲ. ಪರದೆ ಎಳೆದುಕೊಂಡು ತಿನ್ನುವುದಕ್ಕೆ ನಾನೇನು ಕದ್ದು ತಂದಿದ್ದೆನೇ? ಕೆಳಗಿಳಿದು ಬಂದು ಹಾಲಿನಲ್ಲಿ ಕಿಟಕಿಯ ಪಕ್ಕ ಕುಳಿತೆ. ಮ್ಯಾನೇಜರು ಮೆನು ಕಳಿಸಿದರು. ಪನೀರ್ ಬಂತು, ವೈನ್ ಬಂತು. ಪನೀರ್ ನಿಜಕ್ಕೂ ಚೆನ್ನಾಗಿತ್ತು. ಎದುರು ಮೇಜಿನಲ್ಲಿ ನಮ್ಮ ಬೀದಿಯವರೊಬ್ಬರು ನನ್ನನ್ನು ಕಂಡು ಮುಖ ತಿರುಗಿಸಿದರು. ಅವರ ಮುಂದಿದ್ದದ್ದೂ ತೀರ್ಥವಲ್ಲ. ಆದರೆ ಮನೆಮನೆಗೆ ಸುದ್ದಿ ಮುಟ್ಟಿಸಿದವರು ಅವರೇ.

ಆ ಸುದ್ದಿಯ ಮಾತನ್ನು ನೋಡಿ: "ಆ ಟೀಚರ್ ಕುಡೀತಾಳಂತೆ." ಇಷ್ಟೇ. ನಮ್ಮ ಕನ್ನಡದಲ್ಲಿ ಗಂಡಸು ಕುಡಿದರೆ ಅವನು 'ಸ್ವಲ್ಪ ತಗೋತಾನೆ'. ಭಾವ ಪ್ರತಿ ಸಂಬಳದ ದಿನ ಬ್ರಾಂದಿ ಕುಡಿದು ಗೋಡೆ ಹಿಡಿದುಕೊಂಡು ಬರುತ್ತಿದ್ದರು. ಅವರೂ 'ತಗೋತಾರೆ' ಅಷ್ಟೇ. ಅತ್ತೆ ಮಲಗುವ ಮುಂಚೆ ದ್ರಾಕ್ಷಾಸವವನ್ನು 'ತಗೋತಿದ್ದರು', ಅದು ಔಷಧಿ. ನಾನೊಬ್ಬಳೇ 'ಕುಡೀತಾಳೆ'. ಏನನ್ನು, ಎಷ್ಟು, ಯಾವಾಗ, ಒಂದೂ ಇಲ್ಲ. 'ಮಗು ಹಾಲನ್ನು ಕುಡಿಯಿತು' ಎಂದು ಕಪ್ಪು ಹಲಗೆಯ ಮೇಲೆ ಬರೆದು, ಏನನ್ನು ಎಂದು ಕೇಳಿದರೆ ಬರುವ ಉತ್ತರವೇ ಕರ್ಮಪದ ಎಂದು ವರ್ಷವರ್ಷವೂ ಹೇಳಿಕೊಡುವವಳಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೇ?

ಅದೇ ಸಮಯಕ್ಕೆ ನಾದಿನಿಗೆ ಆರ್‌ಪಿಸಿ ಲೇಔಟಿನ ಸಂಬಂಧ ಬಂದಿತ್ತು. ಹುಡುಗ, ಹುಡುಗಿ ಒಪ್ಪಿದ್ದರು. ಮಾತುಕತೆಗೆ ಬರುವ ದಿನ ಬೆಳಿಗ್ಗೆ ಅತ್ತೆ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡರು.

"ಅವರ ಕಿವಿಗೂ ಬಿದ್ದೈತಂತ. ಕೇಳಿದ್ರ, ಇಲ್ಲ ಅಂದ್ಬಿಡವ್ವಾ. ಒಂದು ಮಾತು. ಏನ್ ಹೋಗ್ತೈತಿ ನಿಂದು?"

"ಸುಳ್ಳು ಹೇಳಲ್ಲ ಅತ್ತೆ. ಕೇಳದಿದ್ರೆ ನಾನಾಗೇ ಹೇಳೋಕೂ ಹೋಗಲ್ಲ."

"ನನ್ನ ಕರ್ಮ," ಎಂದು ಅತ್ತೆ ಕೈ ಬಿಟ್ಟರು.

ಹುಡುಗನ ಸೋದರಮಾವ ಕೇಳಿಯೇ ಕೇಳಿದರು. ದಪ್ಪ ಮೀಸೆಯ ಮನುಷ್ಯ. ಅತ್ತೆಯ ಕಡೆ ತಿರುಗಿ, "ಬೆಂಕಿ ಇಲ್ದೆ ಹೊಗೆ ಆಡಲ್ಲ ಅಂತಾರೆ. ನಿಮ್ಮ ಸೊಸೆ ಕುಡೀತಾರಂತಲ್ಲ?" ಎಂದರು.

"ನಾನಿಲ್ಲೇ ಇದೀನಿ ಸಾರ್, ನನ್ನನ್ನೇ ಕೇಳಿ," ಎಂದೆ.

"ಸರಿಯಮ್ಮ. ಕುಡೀತೀರಾ?"

"ಏನನ್ನ?"

"ಏನನ್ನ ಅಂದ್ರೆ?"

"ಕುಡಿ ಅನ್ನೋದು ಸಕರ್ಮಕ ಧಾತು ಸಾರ್. ನೀವು ಕರ್ಮಪದ ಹೇಳಿ, ನಾನು ಹೌದೋ ಅಲ್ವೋ ಹೇಳ್ತೀನಿ."

ಅವರು ಮೀಸೆ ಸವರಿಕೊಂಡರು. "ಅದೇಮ್ಮ... ಅದು."

"ಅದು ಸರ್ವನಾಮ."

ಆಮೇಲೆ ನಾನೇ ಹೇಳಿದೆ. "ವೈನ್ ಕುಡೀತೀನಿ ಸಾರ್. ತಿಂಗಳಿಗೊಂದು ಸಲ, ಊಟದ ಜೊತೆ ಒಂದು ಗ್ಲಾಸು. ನನಗಿಷ್ಟ."

ಅವರು ಎದ್ದರು. ಬಂದವರೆಲ್ಲ ಎದ್ದರು. ಕಾಫಿ ಲೋಟಗಳು ಹಾಗೆಯೇ ಕೆನೆಗಟ್ಟಿ ಉಳಿದವು.

ನಾದಿನಿ ಮಾತು ಬಿಟ್ಟಳು. ಬಿಡುವ ಮುಂಚೆ ಒಂದೇ ಒಂದು ಮಾತು ಹೇಳಿದಳು: "ಅತ್ತಿಗೆ, ಒಂದು 'ಇಲ್ಲ' ಅನ್ನೋಕೆ ನಿಮಗೆ ಏನಾಗಿತ್ತು?" ನನ್ನ ಬಳಿ ಉತ್ತರವಿತ್ತು, ಆದರೆ ಅಳುತ್ತಿದ್ದ ಹುಡುಗಿಗೆ ವ್ಯಾಕರಣ ಹೇಳಲಾಗುತ್ತದೆಯೇ? ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ನಾನೂ ಅತ್ತುಬಿಟ್ಟೆ. ಅವಳಿಗಾಗಿ ಅತ್ತದ್ದೇ ಹೊರತು ಹೇಳಿದ ಮಾತಿಗಾಗಿ ಅಲ್ಲ. ಮುಂದಿನ ತಿಂಗಳ ಎರಡನೇ ಶನಿವಾರ ಎಂದಿನಂತೆ ಹೋದೆ. ಹೋಗದಿದ್ದರೆ ಅವರು ಹೇಳಿದ್ದನ್ನೇ ನಾನು ಒಪ್ಪಿದಂತಾಗುತ್ತಿತ್ತು.

ಒಂದು ಭಾನುವಾರ ಭಾವ ಬಂದು ಅತ್ತೆಯ ಎದುರು ಆ ಮುರಿದ ಸಂಬಂಧಕ್ಕಾಗಿ ಪೇಚಾಡತೊಡಗಿದರು. "ಆ ಸೋದರಮಾವ ಎಷ್ಟು ಒಳ್ಳೆ ಮನುಷ್ಯ ಗೊತ್ತೇನವ್ವ? ಮಾತುಕತೆಗೆ ಮುಂಚೆ ಒಂದಿನ ನಾವಿಬ್ರೂ ಕೂತಿದ್ವಿ. ಅಳತೆಯಾಗಿ ತಗೋತಾರೆ, ಅಷ್ಟೇ."

ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. ಕೈ ನಿಂತಿತು.

"ಏನನ್ನ?" ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಭಾವ ತಮ್ಮ ಶರ್ಟಿನ ಗುಂಡಿ ಮುಟ್ಟಿಕೊಂಡು, ಕೆಲಸವಿದೆ ಎಂದು ಹೊರಟುಹೋದರು. ಅತ್ತೆ ನನ್ನ ಕಡೆ ನೋಡಲಿಲ್ಲ. ಅವತ್ತು ಸಂಜೆ ದ್ರಾಕ್ಷಾಸವದ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದರ ಮೇಲೆ ಬರೆದಿರುವುದನ್ನು ಓದು ಎಂದರು. ಓದಿದೆ. ಹುದುಗು ಬಂದಾಗ ತಾನೇ ಹುಟ್ಟುವ ಮದ್ಯಸಾರವಿದೆ ಎಂದು ಸಣ್ಣ ಅಕ್ಷರದಲ್ಲಿತ್ತು. ಅವರು ಬಾಟಲಿಯನ್ನು ಎಂದಿನ ಗೂಡಿನಲ್ಲೇ ಇಟ್ಟರು.

ಬೇಸಿಗೆಯ ಹೊತ್ತಿಗೆ ವಿಜಯನಗರದಿಂದ ಇನ್ನೊಂದು ಸಂಬಂಧ ಬಂತು. ಹುಡುಗ ಒಳ್ಳೆಯವನಂತೆ ಕಂಡ, ನಾದಿನಿಗೂ ಹಿಡಿಸಿದ್ದ. ನಾನು ಉಪ್ಪಿಟ್ಟು, ಕೇಸರಿಬಾತ್ ತಂದಿಡುತ್ತಿದ್ದೆ. ಹುಡುಗನ ತಂದೆ ಗಂಟಲು ಸರಿಮಾಡಿಕೊಂಡರು.

"ತಪ್ಪು ತಿಳೀಬೇಡಿ. ಹೊರಗಡೆ ಏನೋ ಮಾತು ಕೇಳಿದ್ವಿ. ನಿಮ್ಮನೇಲಿ ಯಾರೋ ಕುಡೀತಾರಂತೆ?"

ನಾದಿನಿ ನನ್ನ ಕಡೆ ತಿರುಗಿದಳು. ನಾನು ಬಾಯಿ ತೆರೆದೆ. ಅತ್ತೆ ಕೈಯೆತ್ತಿ, "ನೀ ಸುಮ್ಕಿರವ್ವಾ," ಎಂದರು. ಆಮೇಲೆ ಸೆರಗು ಸರಿಮಾಡಿಕೊಂಡು ಬೀಗರಾಗಲಿದ್ದವರ ಕಡೆ ತಿರುಗಿದರು.

"ಕುಡಿತೀವ್ರಿ. ನನ್ನ ಸೊಸಿ ವೈನ್ ಕುಡಿತಾಳ, ತಿಂಗಳಿಗೊಮ್ಮೆ, ಹೋಟೆಲಿನಾಗ ಊಟದ ಜೋಡಿ. ಅಲ್ಲಿ ಕುಂತಾನಲ್ಲ, ನನ್ನ ದೊಡ್ಡ ಮಗ, ಅವ ಬ್ರಾಂದಿ ಕುಡಿತಾನ. ನಾನು ಮಲಗೋ ಮುಂದ ದ್ರಾಕ್ಷಾಸವ ಕುಡಿತೀನಿ, ಅದ್ರಾಗೂ ಐತಂತ ಬಾಟ್ಲಿ ಮ್ಯಾಲೆ ಬರದಾರ. ಇಷ್ಟು ನಮ್ಮನಿದು. ಈಗ ನಿಮ್ಮನಿದು ಹೇಳ್ರಿ. ಯಾರ್ಯಾರು ಏನೇನ್ ಕುಡಿತೀರಿ?"

ಭಾವ ಕೇಸರಿಬಾತಿನ ತಟ್ಟೆಯೊಳಗೆ ಮುಖ ತೂರಿಸಿದರು. ಹುಡುಗನ ತಂದೆ ಮತ್ತೆ ಗಂಟಲು ಸರಿಮಾಡಿಕೊಂಡು ನೀರಿನ ಲೋಟಕ್ಕೆ ಕೈಚಾಚಿದರು. ಅಷ್ಟು ಹೊತ್ತೂ ನೆಲ ನೋಡುತ್ತಾ ಕುಳಿತಿದ್ದ ಹುಡುಗನ ತಾಯಿ ತಲೆಯೆತ್ತಿ ಗಂಡನ ಮುಖವನ್ನೇ ನೋಡಿದರು.

"ಹೇಳಿ," ಎಂದರು, "ಕೇಳ್ತಿದಾರಲ್ಲ."