ಬಾಟಲಿಯಿಂದ ಬಂದ ಸುಗಂಧರಾಜ

ಮಕ್ಕಳೇ, ನಮ್ಮ ಬಾವಿಯ ಬಾಜು ನೀವು ಕೊಯ್ಯುವ ಸುಗಂಧರಾಜದ ಮೂಲ ನನ್ನ ಅತ್ತೆಯ ತವರು ಕುಬಿಹಾಳ. ತೀರಿಹೋದ ತಾಯಿಯ ಹಿತ್ತಲಿನಿಂದ ಅವರು ತಂದು ನೆಟ್ಟ ಗಡ್ಡೆಗಳವು. ಎಂಬತ್ತರ ದಶಕದ ಒಂದು ಮಳೆಗಾಲದಲ್ಲಿ, ನಾನಿನ್ನೂ ಹೊಸ ಸೊಸೆ, ಎರೆಮಣ್ಣಿನಲ್ಲಿ ನೀರು ನಿಂತು ಎಲ್ಲ ಕೊಳೆತವು. ಉಳಿದದ್ದು ಒಂದೇ ಗಡ್ಡೆ.

ಧಾರವಾಡದಲ್ಲಿ ಸಸಿ ಬೆಳೆಸುವ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದ ಮೈದುನ, ಒಂದರಿಂದ ಬಹಳ ಮಾಡಿಕೊಡುತ್ತೇನೆಂದು ಅದನ್ನು ಒಯ್ದ. ಎಷ್ಟೋ ತಿಂಗಳ ಮೇಲೆ ಕೈಚೀಲದಲ್ಲಿ ಬಾಟಲಿಗಳನ್ನು ತಂದ. ಒಳಗೆ ಹೆಪ್ಪುಗಟ್ಟಿದ ಗಂಜಿಯಂಥದರಲ್ಲಿ ಕೂದಲೆಳೆಯಂಥ ಸಸಿಗಳು.

“ನನ್ನ ಗಡ್ಡಿ ಎಲ್ಲಿ ಲೇ?” ಎಂದರು ಅತ್ತೆ.

“ಅದನ್ನ ಸಣ್ಣ ಚೂರು ಮಾಡಿ ಬೆಳೆಸೇವಿ. ಇವು ಅದರ ಮಕ್ಕಳವ್ವಾ.”

“ಅಯ್ಯ ಇವನ! ನಮ್ಮವ್ವನ ಗಡ್ಡಿ ಹೆಚ್ಚಿ, ಬಾಟ್ಲ್ಯಾಗ ಹುಲ್ಲು ತುಂಬಿ ತಂದೀಯಲ್ಲೋ!”

ಮೈದುನ ಸಸಿಗಳ ಬೇರು ತೊಳೆದು, ಕುಂಡಗಳಲ್ಲಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಮುಚ್ಚಿದ. “ಹೊರಗಿನ ಗಾಳಿ ಕಂಡಿಲ್ಲ ಇವು. ಹಸಿಗೂಸು ಇದ್ದಂಗ. ಹಗೂರಕ ರೂಢಿ ಮಾಡಸ್ರಿ” ಎಂದು ಹೇಳಿ ಬಸ್ಸು ಹತ್ತಿದ.

ಆ ‘ಹಸಿಗೂಸು’ ಎಂಬ ಮಾತೇ ಎಡವಟ್ಟಾಯಿತು. ಅತ್ತೆ ಕುಂಡಗಳನ್ನು ಬಾಣಂತಿ ಕೋಣೆಗೆ ಒಯ್ದು, ಕಿಟಕಿ ಮುಚ್ಚಿ, ಕೂಸಿಗೆ ಹಾಕುವಂತೆ ಸಂಜೆ ಲೋಬಾನದ ಹೊಗೆ ಹಾಕತೊಡಗಿದರು. ಸಸಿಗಳ ತುದಿ ಕಂದಿತು, ಕೆಲವು ಮಲಗಿಬಿಟ್ಟವು. “ದೃಷ್ಟಿ ಆಗೇತಿ” ಎಂದು ಹೊಗೆ ಇನ್ನೂ ಹೆಚ್ಚಾಯಿತು.

ನಾನು ಅತ್ತೆಯ ಎದುರು ದನಿ ತೆಗೆದವಳಲ್ಲ. ಉಳಿದವೂ ಹೋದರೆ ಅವರ ತವರೇ ಹೋದಂತೆ ಎನ್ನಿಸಿ, ಆ ಸಂಜೆ ಬಾಗಿಲಿಗೆ ಅಡ್ಡ ನಿಂತೆ.

“ಧೂಪ ಬ್ಯಾಡ್ರಿ ಅತ್ತೀ. ಅವಕ್ಕ ಉಸಿರು ಕಟ್ಟತೈತ್ರಿ.”

ಅತ್ತೆ ಕೆಂಡದ ಬಟ್ಟಲು ಹಿಡಿದು ನನ್ನನ್ನೇ ನೋಡಿದರು. “ಅಗದಿ ಮೂಕಿ ಅಂತ ತಿಳಿದಿದ್ದೆ. ನಿನಗೂ ಬಾಯಿ ಐತೇನ ಬೇ!”

ನಕ್ಕು, ಕೆಂಡಕ್ಕೆ ನೀರು ಚಿಮುಕಿಸಿದರು. ಆಮೇಲೆ ಇಬ್ಬರೂ ಸೇರಿ ಕಿಟಕಿ ತೆರೆದು, ಪ್ಲಾಸ್ಟಿಕ್ಕನ್ನು ದಿನಾ ಸ್ವಲ್ಪ ಸ್ವಲ್ಪ ಸರಿಸಿದೆವು. ಬದುಕಿದ ಸಸಿಗಳನ್ನು, ನೀರು ನಿಲ್ಲದಂತೆ ಏರುಮಡಿ ಕಟ್ಟಿ, ಬಾವಿಯ ಬಾಜು ನೆಟ್ಟೆವು.

ಮೊದಲು ಬರೀ ಎಲೆ. ಗಡ್ಡೆ ತುಂಬಿದ ಮೇಲೆ, ಮುಂದಿನ ವರ್ಷ, ಒಂದು ಹೂವಿನ ದಂಟು ಎದ್ದಿತು. ಮೊದಲ ಹೂವು ಲಿಂಗಕ್ಕೆ ಎಂದು ಅತ್ತೆ ಹೇಳಿಯೇ ಇಟ್ಟಿದ್ದರು. ಆದರೆ ಕೊಯ್ದೊಡನೆ ತಡೆಯಲಾರದೆ ಮೂಗಿಗೆ ಹಿಡಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು.

“ನಮ್ಮವ್ವನ ಹಿತ್ತಲದ್ದ ಬೇ ಇದು,” ಎಂದರು. ಆಮೇಲೆ ನಾಲಿಗೆ ಕಚ್ಚಿಕೊಂಡರು. “ಮೂಸಿದ ಹೂವು ಲಿಂಗಕ್ಕ ನಡಿಯೂದಿಲ್ಲ. ಈ ಕಡೆ ಬಾ.”

ನನ್ನ ಹೆರಳಿಗೆ ಸಿಕ್ಕಿಸಿದರು.